ಹೊಸ ಉಬುಂಟುಗೆ ಯಾವಾಗ ಹೋಗಬೇಕು?

ವಿಂಡೋಸ್‌ನ ಹಾಗೆ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆ ಉಬುಂಟು. ಅದು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಸಿಗುವ, ಆವೃತ್ತಿ ಬಿಡುತ್ತದೆ. ಆ ಆವೃತ್ತಿಗೆ ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಹಾಗಾಗಿ 22.04 (2022ರ ಏಪ್ರಿಲ್‌ನ ಆವೃತ್ತಿ) ಬಳಸುವವರಿಗೆ 2027ರವರೆಗೆ ಚಿಂತೆಯಿಲ್ಲ. ಆದರೂ 2024ರ ಏಪ್ರಿಲ್ 25ರಂದು 24.04 ಬಂದಾಗ, ಹಳೆಯದನ್ನು ಬಳಸುತ್ತಿದ್ದವರಿಗೆ ಅಪ್‌ಗ್ರೇಡ್ ಮಾಡಿ ಎಂಬ ಸಂದೇಶವೇ ಬರಲಿಲ್ಲ.

ಅದು ಬೇಕಂತಲೇ ಮಾಡಿದ್ದು. ಮೊದಲ ತಿದ್ದುಪಡಿ ಆವೃತ್ತಿ, ಅಂದರೆ 24.04.1, ಬರುವವರೆಗೆ ಅಪ್‌ಗ್ರೇಡ್ ದಾರಿ ತೆರೆಯುವುದಿಲ್ಲ. ಒಬ್ಬರದು ಹಳೇ ಗ್ರಾಫಿಕ್ಸ್ ಕಾರ್ಡ್, ಇನ್ನೊಬ್ಬರದು ವಿಚಿತ್ರ ಪ್ರಿಂಟರ್, ಮತ್ತೊಬ್ಬರು ಹೊರಗಿನಿಂದ ಹತ್ತಾರು ಪ್ಯಾಕೇಜ್ (ತಂತ್ರಾಂಶದ ಕಟ್ಟು) ಹಾಕಿಕೊಂಡಿರುತ್ತಾರೆ. ಇಷ್ಟೆಲ್ಲವನ್ನೂ ಮೊದಲೇ ಪರೀಕ್ಷಿಸಲು ಯಾರಿಗೂ ಆಗುವುದಿಲ್ಲ. ಮೊದಲು ಹಾಕಿಕೊಂಡವರಿಗೆ ಸಿಕ್ಕ ದೋಷಗಳನ್ನು ಸರಿಪಡಿಸಿ .1 ಬರುತ್ತದೆ.

ಅದೂ ಸಾಲದು ಅಂತ 24.04 ತೋರಿಸಿಕೊಟ್ಟಿತು. ಆಗಸ್ಟ್ 15ಕ್ಕೆ ಬರಬೇಕಿದ್ದ .1 ಬಂದದ್ದು 29ಕ್ಕೆ. ದಾರಿ ತೆರೆದ ಕೆಲವೇ ದಿನಗಳಲ್ಲಿ ಮತ್ತೆ ಮುಚ್ಚಬೇಕಾಯಿತು. ಯಾವ ಪ್ಯಾಕೇಜ್ ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ಲೆಕ್ಕ ಹಾಕುವ ಹಂತದಲ್ಲೇ ಗಂಭೀರ ದೋಷ ಸಿಕ್ಕಿತ್ತು. ಈ ಲೆಕ್ಕ ಸುಲಭದ್ದಲ್ಲ. ಒಂದು ಪ್ಯಾಕೇಜ್‌ಗೆ ಇನ್ನೊಂದು ಬೇಕು, ಅದಕ್ಕೆ ಮೂರನೆಯದರ ಜೊತೆ ಆಗಿಬರುವುದಿಲ್ಲ. ಸಾವಿರಾರು ಪ್ಯಾಕೇಜ್‌ಗಳಲ್ಲಿ ಎಲ್ಲವೂ ಹೊಂದುವ ಗುಂಪನ್ನು ಹುಡುಕುವುದು ಗಣಿತದಲ್ಲೇ ಕಷ್ಟದ್ದೆಂದು ಹೆಸರಾದ ಸಮಸ್ಯೆ. ದೋಷ ಸರಿಯಾದ ಮೇಲೆ ದಾರಿ ಮತ್ತೆ ತೆರೆಯಿತು.

ಹಳೆಯದು ಅಂದರೆ ಅಪಾಯ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. 22.04ರಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.10 ಆವೃತ್ತಿ ಕೊನೆಯವರೆಗೂ 3.10 ಆಗಿಯೇ ಇರುತ್ತದೆ. ಹೊಸ ಆವೃತ್ತಿಯಲ್ಲಿ ಭದ್ರತಾ ತೂತು ಮುಚ್ಚಿದ ತಿದ್ದುಪಡಿಯನ್ನಷ್ಟೇ ತಂದು ಹಳೆಯದರಲ್ಲೂ ಹಾಕುತ್ತಾರೆ. ಆದರೆ ಬೆಂಬಲ ಮುಗಿದ ಮೇಲೆ ಕೂರಬೇಡಿ. 20.04ರ ಉಚಿತ ಐದು ವರ್ಷ 2025ರ ಮೇಯಲ್ಲೇ ಮುಗಿಯಿತು. ಅದರಲ್ಲಿ ಇರುವವರು ನೇರವಾಗಿ 24.04ಕ್ಕೆ ಜಿಗಿಯಲೂ ಆಗದು. ಮಧ್ಯೆ 22.04 ಹತ್ತಿ ಹೋಗಲೇಬೇಕು. ತಡಮಾಡಿದಷ್ಟೂ ಕೆಲಸ ಜಾಸ್ತಿ.

.1 ಬಂದು ಒಂದೆರಡು ತಿಂಗಳಾದ ಮೇಲೆ ಹೋಗುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಮೊದಲು ಬ್ಯಾಕಪ್ ತೆಗೆಯಿರಿ, ಅದರಿಂದ ಒಂದೆರಡು ಫೈಲ್ ತೆರೆದೂ ನೋಡಿ. ಆಮೇಲೆ ಹೊಸ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ. ವೈಫೈ ಸಿಗುತ್ತಾ, ಪ್ರಿಂಟರ್ ಮಾತು ಕೇಳುತ್ತಾ, ನಿಮ್ಮ ಕೀಬೋರ್ಡ್ ವಿನ್ಯಾಸದಲ್ಲಿ ‘ಸ್ತ್ರೀ’, ‘ರಾಷ್ಟ್ರ’ ಸರಿಯಾಗಿ ಮೂಡುತ್ತಾ ನೋಡಿ. ಯಾವುದಾದರೂ ಕೈಕೊಟ್ಟರೆ ಇನ್ನೊಂದಿಷ್ಟು ತಿಂಗಳು ಹಳೆಯದರಲ್ಲೇ ಆರಾಮಾಗಿರಿ.