ಶಿಬಿರದಲ್ಲಿ ಕೈ ತೊಳೆಯುವುದು: ಕೊಟ್ಟ ಸೋಪು ಎಲ್ಲಿ ಹೋಗುತ್ತದೆ?

'ನಿರಾಶ್ರಿತರ ಶಿಬಿರದಲ್ಲಿ ಕೈ ತೊಳೆಯುವ ರೂಢಿ ಬೆಳೆಸುವುದು ಹೇಗೆ?' ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನಾವೆಲ್ಲ ಮೊದಲು ಬರೆಯುವ ಸಾಲು 'ಜನರಲ್ಲಿ ಅರಿವು ಮೂಡಿಸಬೇಕು'. ನಾನೂ ಹಾಗೇ ಬರೆಯುತ್ತಿದ್ದೆ. ಆಫ್ರಿಕಾದ ಮಲಾವಿ ದೇಶದ ಒಂದು ಶಿಬಿರದ ಲೆಕ್ಕ ನೋಡಿದ ಮೇಲೆ ಬಿಟ್ಟೆ.

ಅದು 1993. ಮೊಜಾಂಬಿಕ್‌ನಿಂದ ಓಡಿಬಂದವರು ಮಲಾವಿಯ ನ್ಯಾಮಿಥುಥು ಶಿಬಿರದಲ್ಲಿದ್ದರು. ಅಲ್ಲಿನ 402 ಮನೆಗಳನ್ನು ಸಂಶೋಧಕರು ನಾಲ್ಕು ತಿಂಗಳು ಗಮನಿಸಿದರು. ತಿಂಗಳಿಗೆ ತಲೆಗೆ 240 ಗ್ರಾಂ ಸೋಪು ಕೊಟ್ಟರು. ಆದರೂ ವಿಚಾರಿಸಲು ಹೋದಾಗ ಮನೆಯಲ್ಲಿ ಸೋಪು ಇದ್ದದ್ದು ನೂರಕ್ಕೆ 38 ಸಲ ಮಾತ್ರ. ಸೋಪು ಹೆಚ್ಚಾಗಿ ಖರ್ಚಾಗಿದ್ದು ಸ್ನಾನಕ್ಕೆ, ಬಟ್ಟೆಗೆ. ತಾಯಂದಿರಲ್ಲಿ ನೂರಕ್ಕೆ 81 ಮಂದಿ 'ಕೈ ತೊಳೆದುಕೊಂಡೆ' ಎಂದರು. ಅವರಲ್ಲಿ ಸೋಪು ಹಚ್ಚಿದವರು ನೂರಕ್ಕೆ 28.

ಕೈ ತೊಳೆಯಬೇಕು ಅನ್ನುವುದು ಅವರಿಗೆ ಗೊತ್ತಿತ್ತು, ಅಲ್ವಾ? ಇರುವುದೊಂದು ಸೋಪು, ಮೈಗೂ ಅದೇ, ಬಟ್ಟೆಗೂ ಅದೇ. ಅದನ್ನು ಹತ್ತಾರು ಮನೆಯವರು ಬಳಸುವ ಕಕ್ಕಸಿನ ಪಕ್ಕ ಯಾರು ಇಟ್ಟುಬರುತ್ತಾರೆ? ನಮ್ಮ ಹಾಸ್ಟೆಲ್ಲಿನಲ್ಲೇ ಬಚ್ಚಲಲ್ಲಿ ಮರೆತ ಸೋಪು ಸಂಜೆಗೆ ಇರುವುದಿಲ್ಲ.

ಮನೆಯಲ್ಲಿ ಸೋಪು ಇದ್ದಾಗ ಭೇದಿ 27% ಕಡಿಮೆ ಇತ್ತು. ಇಲ್ಲಿ ಸ್ವಲ್ಪ ಹುಷಾರು. 'ಸೋಪು ಹಾಕಿ ಕೈ ತೊಳೆದದ್ದರಿಂದ 27%' ಎಂದು ಬರೆದರೆ ತಪ್ಪು. ಹೋಲಿಸಿದ್ದು ಮನೆಯಲ್ಲಿ ಸೋಪು ಇದ್ದ ಹೊತ್ತನ್ನು, ಇಲ್ಲದ ಹೊತ್ತಿನ ಜೊತೆ.

ವಿಪತ್ತಿನಲ್ಲಿ ನೆರವು ಕೊಡುವವರಿಗೆ ಕನಿಷ್ಠ ಮಟ್ಟ ಹೇಳುವ ಸ್ಫಿಯರ್ ಕೈಪಿಡಿಯ ಅಳತೆ ಸುಮ್ನೆ ಬಾಯಿಪಾಠ ಮಾಡಿದ್ದೆ: ಒಬ್ಬರಿಗೆ ತಿಂಗಳಿಗೆ ಮೈಸೋಪು 250 ಗ್ರಾಂ, ಬಟ್ಟೆ ಸೋಪು 200 ಗ್ರಾಂ, ದಿನಕ್ಕೆ ಕನಿಷ್ಠ 15 ಲೀಟರ್ ನೀರು. ಬಟ್ಟೆ ಸೋಪನ್ನು ಬೇರೆಯಾಗಿ ಎಣಿಸುವುದರ ಬೆಲೆ ನನಗೆ ತಿಳಿದದ್ದು ಮಲಾವಿಯ ಲೆಕ್ಕ ಓದಿದ ಮೇಲೆಯೇ.

ಮಕ್ಕಳ ವಿಷಯಕ್ಕೆ ಇರಾಕ್ ಉದಾಹರಣೆ ಕೊಡಿ. ಅಲ್ಲಿನ ಶಿಬಿರವೊಂದರಲ್ಲಿ ಕೆಲವು ಮನೆಗಳ ಮಕ್ಕಳಿಗೆ ಪಾರದರ್ಶಕ ಸೋಪು ಕೊಟ್ಟರು, ಒಳಗೊಂದು ಪುಟ್ಟ ಆಟಿಕೆ. ತೊಳೆದಷ್ಟೂ ಸೋಪು ಸವೆದು ಆಟಿಕೆ ಹತ್ತಿರವಾಗುತ್ತದೆ. ಉಳಿದ ಮನೆಗಳಿಗೆ ಸಾದಾ ಸೋಪು, ಜೊತೆಗೆ ಎಂದಿನ ಆರೋಗ್ಯದ ಮಾತು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆಟಿಕೆ ಸೋಪು ಸಿಕ್ಕ ಮಕ್ಕಳು ಕಕ್ಕಸಿಗೆ ಹೋಗಿಬಂದಾಗ, ಊಟಕ್ಕೆ ಮುಂಚೆ, ಹೀಗೆ ತೊಳೆಯಲೇಬೇಕಾದ ಹೊತ್ತಿನಲ್ಲಿ ಸೋಪು ಹಚ್ಚಿ ಕೈ ತೊಳೆಯುವ ಸಾಧ್ಯತೆ ನಾಲ್ಕು ಪಟ್ಟು ಜಾಸ್ತಿ. ರೋಗದ ಭಯಕ್ಕಿಂತ ಕುತೂಹಲ ಗೆದ್ದಿತ್ತು.

ನನಗೊಂದು ಅನುಮಾನ ಉಳಿದಿದೆ, ಗುಂಪಿನಲ್ಲಿ ಚರ್ಚಿಸೋಣ. ಆಟಿಕೆ ಕೈಗೆ ಬಂದ ಮರುದಿನ ಆ ಮಗು ಸಾದಾ ಸೋಪಿನ ಹತ್ತಿರ ಬರುತ್ತದೆಯೇ?