ಬೆಂಜ್ ಗಟ್ಟಿ ಅನ್ನುವ ಮಾತು: ಯಾವ ಬೆಂಜ್, ಯಾವ ವರ್ಷದ್ದು?

ಗ್ರೀಸಿನ ಥೆಸಲೋನಿಕಿಯ ಟ್ಯಾಕ್ಸಿ ಚಾಲಕ ಗ್ರೆಗೋರಿಯೊಸ್ ಸಾಖಿನಿದಿಸ್ 2004ರಲ್ಲಿ ತಮ್ಮ ಕಾರನ್ನು ಜರ್ಮನಿಗೆ ಕೊಂಡೊಯ್ದು ಮರ್ಸಿಡಿಸ್-ಬೆಂಜ್ ಮ್ಯೂಸಿಯಂಗೆ ಒಪ್ಪಿಸಿದರು. ಅದು 1976ರ 240 ಡಿ ಎಂಬ ಡೀಸೆಲ್ ಕಾರು. ಅಷ್ಟು ಹೊತ್ತಿಗೆ ಓಡಿದ್ದು 46 ಲಕ್ಷ ಕಿಲೋಮೀಟರ್, ಅಂದರೆ ಚಂದ್ರನವರೆಗೆ ಆರು ಸಲ ಹೋಗಿ ಬಂದಷ್ಟು ದೂರ. ಈ ಕಥೆ ಹೇಳುವಾಗ ಸಾಮಾನ್ಯವಾಗಿ ಒಂದು ವಿಷಯ ಬಿಟ್ಟುಹೋಗುತ್ತದೆ. ಅಷ್ಟು ದೂರವನ್ನು ಒಂದೇ ಎಂಜಿನ್ ಎಳೆಯಲಿಲ್ಲ. ಎಂಜಿನ್ನನ್ನು ಎಷ್ಟೋ ಸಲ ಇಳಿಸಿ, ಬಿಚ್ಚಿ, ಸವೆದದ್ದನ್ನು ಬದಲಿಸಿ ಮತ್ತೆ ಕೂರಿಸಲಾಗಿತ್ತು. ಹಾಗೆ ಬಿಚ್ಚಿ ಕೂರಿಸಲು ಬರುವಂತೆ ಕಾರನ್ನು ಕಟ್ಟಿದ್ದರು ಎನ್ನುವುದೇ ಇಲ್ಲಿ ಮುಖ್ಯ.

ಬೆಂಜ್ ಗಟ್ಟಿ ಎಂಬ ಮಾತು ಹುಟ್ಟಿದ್ದು ಇಂಥ ಕಾರುಗಳಿಂದ. ಆದರೆ ಆ ಮಾತನ್ನು ನಂಬಿ ಮುಂದಿನ ಕಾಲದ ಯಾವುದೋ ಒಂದು ಸೆಕೆಂಡ್ ಹ್ಯಾಂಡ್ ಬೆಂಜ್ ಕೊಂಡವರು ಗ್ಯಾರೇಜಿನಲ್ಲಿ ಲಕ್ಷಗಟ್ಟಲೆ ಸುರಿದದ್ದೂ ಉಂಟು. ಮೂರು ಮೂಲೆಯ ನಕ್ಷತ್ರ ಬದಲಾಗಲಿಲ್ಲ, ಅದರ ಹಿಂದಿನ ಬಿಡಿಭಾಗಗಳು ಬದಲಾದವು. ಈ ಕಂಪನಿಗೆ ಹೆಸರು ಬಂದದ್ದು ಬಿಡಿಭಾಗಗಳಿಂದ, ಹೆಸರಿಗೆ ಪೆಟ್ಟು ಬಿದ್ದದ್ದೂ ಅವುಗಳಿಂದಲೇ.

ಆರಂಭದಿಂದಲೂ ಹೀಗೆಯೇ. ಕಾರ್ಲ್ ಬೆಂಜ್ 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಸಿಕ್ಕ ಸಂಖ್ಯೆ 37435. ಒಂದೇ ಸಿಲಿಂಡರ್, 954 ಸಿಸಿ, ಮುಕ್ಕಾಲು ಅಶ್ವಶಕ್ತಿ, ಗಂಟೆಗೆ ಸುಮಾರು 16 ಕಿ.ಮೀ. ವೇಗ. ಗಾಡಿ ತಯಾರಾದರೂ ಕೊಳ್ಳುವವರಿರಲಿಲ್ಲ. 1888ರ ಆಗಸ್ಟ್‌ನಲ್ಲಿ ಬೆಂಜ್ ಅವರ ಹೆಂಡತಿ ಬೆರ್ತಾ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಪೋರ್ಟ್ಸ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರ, ಗಂಡನಿಗೆ ಹೇಳದೆ ಹೊರಟುಬಿಟ್ಟರು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಕೆದಕಿ ಬಿಡಿಸಿದರು. ಇಂಧನ ಮುಗಿದಾಗ ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ಪೆಟ್ರೋಲಿಯಂ ದ್ರವ ತುಂಬಿಸಿಕೊಂಡರು. ಮರದ ಬ್ರೇಕ್ ಕಟ್ಟೆ ಸವೆದಾಗ ಚಮ್ಮಾರರಿಂದ ಅದಕ್ಕೆ ಚರ್ಮ ಹೊಡೆಸಿದರು. ಇದನ್ನೇ ಬ್ರೇಕ್ ಲೈನಿಂಗ್‌ನ ಮೊದಲ ರೂಪ ಎನ್ನುತ್ತಾರೆ. ಏರಿನಲ್ಲಿ ಮಕ್ಕಳು ಇಳಿದು ತಳ್ಳಬೇಕಾಯಿತು; ಅದರಿಂದ ಬೆಂಜ್ ಗಾಡಿಗೆ ಏರು ಹತ್ತಲು ಇನ್ನೊಂದು ಗಿಯರ್ ಸೇರಿತು. ನನ್ನ ಲೆಕ್ಕದಲ್ಲಿ ಬೆರ್ತಾ ಈ ಕಂಪನಿಯ ಮೊದಲ ಟೆಸ್ಟ್ ಡ್ರೈವರ್ ಮಾತ್ರವಲ್ಲ, ಮೊದಲ ಸರ್ವಿಸ್ ಎಂಜಿನಿಯರ್ ಕೂಡ.

ಅದೇ ಕಾಲಕ್ಕೆ ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಖ್ ಬೇರೆಯಾಗಿಯೇ ಎಂಜಿನ್ ಕಟ್ಟುತ್ತಿದ್ದರು. 1900ರ ಮಾರ್ಚ್‌ನಲ್ಲಿ ಡೈಮ್ಲರ್ ತೀರಿಕೊಂಡರು. ಅದೇ ತಿಂಗಳ ಕೊನೆಗೆ ಫ್ರಾನ್ಸಿನ ನೀಸ್‌ನಲ್ಲಿ ನಡೆದ ಬೆಟ್ಟ ಏರುವ ರೇಸಿನಲ್ಲಿ ಅವರ ಕಂಪನಿಯ ಕಾರು ಓಡಿಸುತ್ತಿದ್ದ ವಿಲ್ಹೆಲ್ಮ್ ಬಾವರ್ ಸತ್ತರು. ಆ ಕಾರು ಎತ್ತರ ಹೆಚ್ಚು, ಉದ್ದ ಕಡಿಮೆ, ತಿರುವಿನಲ್ಲಿ ಹಿಡಿತಕ್ಕೆ ಬಾರದು. ನೀಸ್‌ನಲ್ಲಿ ಡೈಮ್ಲರ್ ಕಾರು ಮಾರುತ್ತಿದ್ದ ವ್ಯಾಪಾರಿ ಎಮಿಲ್ ಯೆಲಿನೆಕ್ ತಗ್ಗಾದ, ಅಗಲವಾದ, ಹಗುರ ಕಾರು ಬೇಕೆಂದು ಪಟ್ಟು ಹಿಡಿದು 36 ಕಾರುಗಳಿಗೆ ಒಂದೇ ಸಲ ಆರ್ಡರ್ ಕೊಟ್ಟರು, ಮಗಳ ಹೆಸರು ಇಡಬೇಕೆಂಬ ಷರತ್ತಿನ ಮೇಲೆ. ಆ ಮಗಳ ಹೆಸರು ಮರ್ಸಿಡಿಸ್.

ಮೈಬಾಖ್ ಕಟ್ಟಿಕೊಟ್ಟ 35 ಅಶ್ವಶಕ್ತಿಯ ಆ ಕಾರಿನಲ್ಲಿ ರೇಡಿಯೇಟರನ್ನು ಹತ್ತಿರದಿಂದ ನೋಡಬೇಕು. ಅಲ್ಲಿಯವರೆಗೆ ಎಂಜಿನ್ ತಣ್ಣಗಿಡಲು ಲೀಟರುಗಟ್ಟಲೆ ನೀರು ಹೊರಬೇಕಿತ್ತು, ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಮೈಬಾಖ್ 6 ಮಿ.ಮೀ. ಚೌಕದ 8,070 ಪುಟ್ಟ ಕೊಳವೆಗಳನ್ನು ಜೇನುಗೂಡಿನಂತೆ ಬೆಸೆದರು. ಗಾಳಿ ಕೊಳವೆಗಳ ಒಳಗೆ, ನೀರು ಅವುಗಳ ನಡುವಿನ ಸಂದಿನಲ್ಲಿ. 18 ಲೀಟರ್ ಬೇಕಿದ್ದ ಜಾಗದಲ್ಲಿ 9 ಲೀಟರ್ ಸಾಕಾಯಿತು. ದೊಡ್ಡ ಎಂಜಿನ್ ಹೊತ್ತೂ ಕಾರು ಹಗುರವಾಗಿ ಉಳಿದದ್ದರಲ್ಲಿ ಇದರ ಪಾಲು ದೊಡ್ಡದು. 1901ರ ಮಾರ್ಚ್‌ನಲ್ಲಿ ನೀಸ್‌ನ ರೇಸುಗಳಲ್ಲಿ ಆ ಕಾರಿಗೆ ಎದುರೇ ಇರಲಿಲ್ಲ. ಮರುವರ್ಷ ಮರ್ಸಿಡಿಸ್ ನೋಂದಾಯಿತ ಹೆಸರಾಯಿತು. ಮೊದಲ ಮಹಾಯುದ್ಧದ ನಂತರದ ಹಣದ ಮುಗ್ಗಟ್ಟಿನಲ್ಲಿ ಎರಡೂ ಕಂಪನಿಗಳು 1926ರ ಜೂನ್‌ನಲ್ಲಿ ಸೇರಿ ಡೈಮ್ಲರ್-ಬೆಂಜ್ ಆದವು.

ಮುಂದಿನ ಅಧ್ಯಾಯವನ್ನು ಈ ಕಂಪನಿಯ ಇತಿಹಾಸ ಬರೆಯುವವರು ಯಾರೂ ಹಾರಿಸಬಾರದು. ನಾಜಿ ಆಡಳಿತಕ್ಕೆ ಲಾರಿ ಮತ್ತು ವಿಮಾನದ ಎಂಜಿನ್ ಪೂರೈಸಿದ ಕಂಪನಿ ಇದು. 1944ರಲ್ಲಿ ಇದರ 63,610 ಕೆಲಸಗಾರರಲ್ಲಿ ಸುಮಾರು ಅರ್ಧದಷ್ಟು ಜನ ಬಲವಂತದಿಂದ ತಂದ ನಾಗರಿಕರು, ಯುದ್ಧಕೈದಿಗಳು, ಯಾತನಾಶಿಬಿರದ ಬಂದಿಗಳು. ಕಂಪನಿ ಇದನ್ನು ಒಪ್ಪಿಕೊಂಡು ಪರಿಹಾರದ ಮಾತಾಡುವ ಹೊತ್ತಿಗೆ ದಶಕಗಳೇ ಕಳೆದಿದ್ದವು.

ಯುದ್ಧದ ನಂತರ ಹೆಸರು ಕಟ್ಟಿದ್ದು ಎರಡು ಸಂಗತಿಗಳು: ಸುರಕ್ಷತೆ ಮತ್ತು ಡೀಸೆಲ್. ಅಪಘಾತದಲ್ಲಿ ಕಾರು ಎಷ್ಟು ಗಟ್ಟಿಯಾಗಿದ್ದರೆ ಅಷ್ಟು ಒಳ್ಳೆಯದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಬೇಲಾ ಬರೇನಿ ಎಂಬ ಎಂಜಿನಿಯರ್ ಅದಕ್ಕೆ ತದ್ವಿರುದ್ಧವಾದದ್ದನ್ನು ಹೇಳಿದರು. ಜನ ಕೂರುವ ನಡುಭಾಗ ಮಾತ್ರ ಗಟ್ಟಿಯಿರಲಿ, ಮುಂದೆ ಹಿಂದೆ ಮೆತ್ತಗಿರಲಿ. ಅವು ನಜ್ಜುಗುಜ್ಜಾಗುತ್ತ ಡಿಕ್ಕಿಯ ಹೊಡೆತವನ್ನು ನುಂಗಲಿ. 1951ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು, 1959ರ ಡಬ್ಲ್ಯು 111 (ಒಂದೊಂದು ತಲೆಮಾರಿನ ಕಾರಿಗೂ ಕಂಪನಿ ಇಡುವ ಸಂಕೇತ ಸಂಖ್ಯೆ ಇದು) ಕಾರಿನಲ್ಲಿ ಅದು ರಸ್ತೆಗಿಳಿಯಿತು. ಇಂದು ಅಪಘಾತದ ಕಾರಿನ ಬಾನೆಟ್ ಮುದ್ದೆಯಾದದ್ದನ್ನು ನೋಡಿ 'ತಗಡು' ಎನ್ನುವವರು ಒಳಗಿದ್ದವರ ಕಾಲು ಉಳಿದದ್ದು ಆ ಮುದ್ದೆಯಿಂದಲೇ ಎಂದು ತಿಳಿಯಬೇಕು. 1978ರಲ್ಲಿ ಬಾಷ್ ಜೊತೆ ಸೇರಿ ಎಸ್-ಕ್ಲಾಸ್‌ಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ತಂದರು, ಕೆಲವೇ ವರ್ಷಗಳಲ್ಲಿ ಏರ್‌ಬ್ಯಾಗ್ ಬಂತು.

ಡೀಸೆಲ್ ಕಥೆ 1936ರ 260 ಡಿ ಕಾರಿನಿಂದ ಶುರುವಾಗುತ್ತದೆ. ಅದು ಮಾಗಿದ್ದು 1976ರಲ್ಲಿ ಬಂದ ಡಬ್ಲ್ಯು 123ರಲ್ಲಿ. ಸುಮಾರು 27 ಲಕ್ಷ ಕಾರುಗಳು ತಯಾರಾದವು. 240 ಡಿ ಎಂಜಿನ್ನಿನಲ್ಲಿ ಎರಕದ ಕಬ್ಬಿಣದ ಬ್ಲಾಕ್, ಎರಡು ಸಾಲಿನ ಟೈಮಿಂಗ್ ಚೈನ್, ಒಂದೊಂದು ಸಿಲಿಂಡರಿಗೂ ಪ್ರತ್ಯೇಕ ಪ್ಲಂಜರ್ ಇರುವ ಬಾಷ್ ಪಂಪು. ಆರಂಭದಲ್ಲಿ ಶಕ್ತಿ 65 ಅಶ್ವಶಕ್ತಿ ಮಾತ್ರ. ಪಿಕಪ್ ಕೇಳುವ ಹಾಗೇ ಇಲ್ಲ. ಆದರೆ ಸರಿಯಾದ ಕಾಲಕ್ಕೆ ಟ್ಯಾಪೆಟ್ ಸೆಟ್ ಮಾಡುವುದನ್ನು, ಅಂದರೆ ವಾಲ್ವಿನ ಸಂದಿಯನ್ನು ಅಳತೆಗೆ ತರುವುದನ್ನು, ಬಿಟ್ಟರೆ ಅದು ಬೇಡುವುದು ತುಂಬ ಕಡಿಮೆ. ಎಂಜಿನ್ ತಣ್ಣಗಿರುವಾಗ ಇನ್‌ಲೆಟ್ ವಾಲ್ವಿಗೆ 0.10 ಮಿ.ಮೀ., ಎಕ್ಸಾಸ್ಟಿಗೆ 0.30 ಮಿ.ಮೀ. ಗ್ಯಾಪ್. 14ರ ಸ್ಪ್ಯಾನರ್ ಎರಡು, ಸಂದಿ ಅಳೆಯುವ ಒಂದು ಫೀಲರ್ ಗೇಜ್ ಇದ್ದರೆ ಮುಗಿಯಿತು. ಇದನ್ನು ಮರೆತರೆ ವಾಲ್ವಿನ ಸೀಟು ಸವೆಯುತ್ತ ಗ್ಯಾಪ್ ಕಿರಿದಾಗುತ್ತದೆ, ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಶನ್ ಇಳಿಯುತ್ತದೆ, ಬೆಳಗಿನ ಚಳಿಯಲ್ಲಿ ಎಂಜಿನ್ ಹಿಡಿಯುವುದಿಲ್ಲ. ಎಷ್ಟೋ ಕಡೆ ಇದಕ್ಕೆ ಬ್ಯಾಟರಿಯನ್ನೂ ಚಳಿಯಲ್ಲಿ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ಗನ್ನೂ ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ.

ಈ ಕಾರಿನ ಇನ್ನೊಂದು ಲಕ್ಷಣ: ಕೀ ತೆಗೆದರೂ ಎಂಜಿನ್ ನಿಲ್ಲದಿರುವುದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಇಲ್ಲವಲ್ಲ, ನಿಲ್ಲಬೇಕಾದರೆ ಪಂಪಿನಿಂದ ಡೀಸೆಲ್ ಕಡಿಯಬೇಕು. ಆ ಕೆಲಸ ಮಾಡುವುದು ವ್ಯಾಕ್ಯೂಮ್, ಅಂದರೆ ಕೊಳವೆಗಳಿಂದ ಗಾಳಿ ಹೀರಿ ಉಂಟುಮಾಡಿದ ಸೆಳೆತ. ಬಾಗಿಲಿನ ಸೆಂಟ್ರಲ್ ಲಾಕ್ ಕೂಡ ಅದೇ ವ್ಯಾಕ್ಯೂಮಿನಲ್ಲಿ ನಡೆಯುತ್ತದೆ. ಹಿಂದಿನ ಬಾಗಿಲಿನೊಳಗೆ ಎಲ್ಲೋ ಒಂದು ರಬ್ಬರ್ ಡಯಾಫ್ರಾಂ ಬಿರುಕುಬಿಟ್ಟರೆ ಮುಂದಿನ ಎಂಜಿನ್ ಆಫ್ ಆಗುವುದಿಲ್ಲ! ಆಗ ಬಾನೆಟ್ ಎತ್ತಿ 'ಸ್ಟಾಪ್' ಎಂದು ಬರೆದ ಸನ್ನೆ ಒತ್ತಬೇಕು. ದೋಷ ಬರುತ್ತದೆಂದು ಗೊತ್ತಿದ್ದವರು ಕೈಗೆ ಸಿಗುವಲ್ಲಿ ಸನ್ನೆಯನ್ನೂ ಇಟ್ಟಿದ್ದರು.

ನಮ್ಮ ನೆಲದಲ್ಲಿ ಬೆಂಜ್ ಹೆಸರು ಕಾರಿಗಿಂತ ಮೊದಲು ಲಾರಿಯ ಜೊತೆ ಬಂತು. 1954ರಲ್ಲಿ ಟೆಲ್ಕೊ (ಇಂದಿನ ಟಾಟಾ ಮೋಟರ್ಸ್) ಕಂಪನಿ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟಿತು. 1969ರವರೆಗೆ ಅದರ ಮೂತಿಯ ಮೇಲೆ ಇದ್ದದ್ದು ನಕ್ಷತ್ರ. ಜರ್ಮನಿಯಲ್ಲಿ ಜನ ಮರ್ಸಿಡಿಸ್ ಎಂದು ಕರೆಯುವುದು ನಮ್ಮ ಬಾಯಲ್ಲಿ ಬೆಂಜ್ ಆಗಿ ಉಳಿದಿದೆ. ಕಾರು ಇಲ್ಲಿ ತಯಾರಾದದ್ದು 1995ರಲ್ಲಿ, ಪುಣೆಯಲ್ಲಿ, ಡಬ್ಲ್ಯು 124. ಮರುವರ್ಷ ಬೆಂಗಳೂರಿನಲ್ಲಿ ತೆರೆದ ಕಂಪನಿಯ ಸಂಶೋಧನಾ ಕೇಂದ್ರ ಜರ್ಮನಿಯ ಹೊರಗೆ ಅದಕ್ಕಿರುವ ಅತಿ ದೊಡ್ಡ ಕೇಂದ್ರವಾಗಿ ಬೆಳೆದಿದೆ.

ಭಾರತಕ್ಕೆ ಕಾರು ಕಾಲಿಟ್ಟ ಹೊತ್ತಿಗೇ ಜರ್ಮನಿಯ ಕಂಪನಿಯಲ್ಲಿ ಗಾಳಿ ತಿರುಗುತ್ತಿತ್ತು. ಹಿಂದೆ ಎಂಜಿನಿಯರುಗಳು ಕಾರು ಮುಗಿಸಿದ ಮೇಲೆ ಅದರ ಖರ್ಚಿನ ಮೇಲೆ ಬೆಲೆ ಕಟ್ಟುತ್ತಿದ್ದರು. ತೊಂಬತ್ತರ ದಶಕದಲ್ಲಿ ಜಪಾನಿನ ಲೆಕ್ಸಸ್ ಕಡಿಮೆ ಬೆಲೆಗೆ ಅಷ್ಟೇ ನಾಜೂಕಿನ ಕಾರು ಕೊಡತೊಡಗಿದಾಗ ಲೆಕ್ಕ ತಲೆಕೆಳಗಾಯಿತು: ಮೊದಲು ಬೆಲೆ ನಿಗದಿ, ಆ ಬೆಲೆಗೆ ತಕ್ಕ ಬಿಡಿಭಾಗ. 1998ರಲ್ಲಿ ಅಮೆರಿಕದ ಕ್ರೈಸ್ಲರ್ ಜೊತೆ ವಿಲೀನವೂ ಆಯಿತು. 2007ರಲ್ಲಿ ಅದು ಮುರಿದುಬಿತ್ತು.

ಮೊದಲ ಬಿರುಕು ಕಂಡದ್ದು ವೈರಿಂಗಿನಲ್ಲಿ. ಸುಮಾರು 1992ರಿಂದ 1995ರವರೆಗಿನ ಪೆಟ್ರೋಲ್ ಕಾರುಗಳ ಎಂಜಿನ್ ವೈರಿಂಗಿಗೆ ಪರಿಸರಕ್ಕೆ ಹಿತವಾದ, ತಾನಾಗಿ ಕರಗಿಹೋಗುವ ಹೊದಿಕೆ ಹಾಕಿದ್ದರು. ಬಿಸಿಗೆ ಅದು ಕಾರಿನೊಳಗೇ ಹಪ್ಪಳದಂತೆ ಪುಡಿಯಾಯಿತು. ಬೆತ್ತಲಾದ ತಂತಿಗಳು ಒಂದಕ್ಕೊಂದು ತಾಗಿ ಕಂಪ್ಯೂಟರ್ ಸುಟ್ಟುಹೋಗುತ್ತಿತ್ತು. ಇಂಥ ಕಾರು ಕೊಳ್ಳುವವರು ವೈರಿಂಗ್ ಬದಲಾಗಿದೆಯೇ ಎಂದು ಎಲ್ಲಕ್ಕಿಂತ ಮೊದಲು ಕೇಳಬೇಕು. 1995ರ ಡಬ್ಲ್ಯು 210 ತುಕ್ಕು ತಂದಿತು. ಮುಂದಿನ ಸ್ಪ್ರಿಂಗ್ ಕೂರುವ ಬಟ್ಟಲನ್ನು ಬಾಡಿಗೆ ಬೆಸೆದ ಜಾಗದಲ್ಲಿ ಸೀಲರ್ ಹಿಂದೆ ನೀರು ನಿಂತು ಒಳಗಿಂದೊಳಗೇ ತಿನ್ನುತ್ತದೆ. ಹೊರಗೆ ಪೇಂಟು ಚೆನ್ನಾಗಿಯೇ ಕಾಣುತ್ತದೆ. ಒಂದು ದಿನ ಬಟ್ಟಲು ಕಿತ್ತು ಕಾರಿನ ಒಂದು ಮೂಲೆ ಕುಸಿಯುತ್ತದೆ. ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ನೋಡದೆ ಇದು ತಿಳಿಯುವುದಿಲ್ಲ. ಕರಾವಳಿಯ ಉಪ್ಪು ಗಾಳಿಯಲ್ಲಿ ಓಡಿದ ಕಾರಾದರೆ ನೋಡಲೇಬೇಕು. ಅದೇ ಕಾಲದ ಐದು ಗಿಯರಿನ ಆಟೋಮ್ಯಾಟಿಕ್ ಗಿಯರ್‌ಬಾಕ್ಸಿಗೆ ಜೀವಮಾನವಿಡೀ ಆಯಿಲ್ ಬದಲಿಸುವುದು ಬೇಡ ಎಂದಿದ್ದರು. ಆ ಮಾತನ್ನು ಕಂಪನಿಯೇ ಆಮೇಲೆ ಹಿಂತೆಗೆದುಕೊಂಡಿತು, 60,000 ಕಿ.ಮೀ.ಗೆ ಬದಲಿಸುವುದು ಕ್ಷೇಮ.

1997ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಪತ್ರಕರ್ತರ ಪರೀಕ್ಷೆಯಲ್ಲಿ ಹೊಸ ಎ-ಕ್ಲಾಸ್ ಪಲ್ಟಿ ಹೊಡೆಯಿತು. ರಸ್ತೆಗೆ ದಿಢೀರನೆ ಕಾಡುಪ್ರಾಣಿ ಅಡ್ಡ ಬಂದರೆ ಸ್ಟಿಯರಿಂಗ್ ಎಡಕ್ಕೂ ಬಲಕ್ಕೂ ಎಳೆಯುವಂಥ ಪರೀಕ್ಷೆ ಅದು. ಕಂಪನಿ ಮೊದಲು ವಾದಿಸಿತು, ಆಮೇಲೆ ಸರಬರಾಜು ನಿಲ್ಲಿಸಿ, ಸಸ್ಪೆನ್ಷನ್ ಬದಲಿಸಿ, ಪ್ರತಿ ಎ-ಕ್ಲಾಸ್‌ಗೂ ಇಎಸ್‌ಪಿ (ಕಾರು ಜಾರತೊಡಗಿದರೆ ಬೇಕಾದ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ಹಿಡಿತಕ್ಕೆ ತರುವ ವ್ಯವಸ್ಥೆ) ಹಾಕಿಕೊಟ್ಟಿತು. ದುಬಾರಿ ಕಾರುಗಳಿಗೆ ಮೀಸಲಾಗಿದ್ದ ಇಎಸ್‌ಪಿ ಸಣ್ಣ ಕಾರುಗಳಿಗೂ ಇಳಿಯಲು ಆ ಪಲ್ಟಿ ಕಾರಣವಾಯಿತು.

ನನ್ನ ದೃಷ್ಟಿಯಲ್ಲಿ ಹೆಸರಿಗೆ ದೊಡ್ಡ ಪೆಟ್ಟು ಕೊಟ್ಟದ್ದು 2002ರ ಡಬ್ಲ್ಯು 211ರ ಎಸ್‌ಬಿಸಿ ಬ್ರೇಕು. ಇಲ್ಲಿ ಪೆಡಲು ಒತ್ತಿದರೆ ಹೋಗುವುದು ವಿದ್ಯುತ್ ಸಂದೇಶ. ಚಕ್ರಕ್ಕೆ ಒತ್ತಡ ಕೊಡುವುದು ಮೋಟಾರು ಪಂಪು. ಪಂಪು ಕೈಕೊಟ್ಟರೆ ಪೆಡಲು ಆಳಕ್ಕೆ ಇಳಿದು, ಮುಂದಿನ ಎರಡು ಚಕ್ರಗಳಿಗೆ ಮಾತ್ರ ನೇರ ಬ್ರೇಕು ಉಳಿಯುತ್ತದೆ. 2004ರಲ್ಲಿ 6.8 ಲಕ್ಷ, 2005ರಲ್ಲಿ 13 ಲಕ್ಷ ಕಾರುಗಳನ್ನು ವಾಪಸು ಕರೆಸಬೇಕಾಯಿತು. ಎರಡನೆಯದರಲ್ಲಿ ಬ್ರೇಕಿನ ಜೊತೆ ಬೇರೆ ದೋಷಗಳೂ ಇದ್ದವು. 2006ರಲ್ಲಿ ಹಳೆಯ ಮಾದರಿಯ ಹೈಡ್ರಾಲಿಕ್ ಬ್ರೇಕಿಗೇ ಮರಳಿದರು. ಎಸ್‌ಬಿಸಿ ಇರುವ ಕಾರಿಗೆ ಬ್ರೇಕ್ ಪ್ಯಾಡ್ ಹಾಕುವ ಮುನ್ನ ಸ್ಕ್ಯಾನರಿನಿಂದ ಅದನ್ನು ನಿಷ್ಕ್ರಿಯಗೊಳಿಸಲೇಬೇಕು. ಇಲ್ಲದಿದ್ದರೆ ಬಾಗಿಲು ತೆರೆದಾಗಲೋ ರಿಮೋಟ್ ಒತ್ತಿದಾಗಲೋ ಪಂಪು ತಾನಾಗಿ ಎದ್ದು ಪಿಸ್ಟನ್ನನ್ನು ಹೊರತಳ್ಳುತ್ತದೆ, ಕ್ಯಾಲಿಪರಿನಲ್ಲಿ ಬೆರಳಿಟ್ಟ ಮೆಕ್ಯಾನಿಕ್ ಬೆರಳು ಕಳೆದುಕೊಳ್ಳುತ್ತಾರೆ.

ಡೀಸೆಲ್‌ನಿಂದ ಬಂದ ಹೆಸರು ಡೀಸೆಲ್‌ನಿಂದಲೇ ಮಸುಕಾಯಿತು. ಹೊಗೆಯ ವಿಷಾನಿಲ ಇಳಿಸುವ ವ್ಯವಸ್ಥೆ ಪರೀಕ್ಷೆಯಲ್ಲಿ ನಡೆದಂತೆ ರಸ್ತೆಯಲ್ಲಿ ನಡೆಯುತ್ತಿಲ್ಲ ಎಂಬ ಪ್ರಕರಣದಲ್ಲಿ ಕಂಪನಿ 2019ರಲ್ಲಿ ಜರ್ಮನಿಯಲ್ಲಿ 87 ಕೋಟಿ ಯೂರೊ ದಂಡ ಕಟ್ಟಿತು. 2020ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗಳ ಜೊತೆ ಸುಮಾರು 150 ಕೋಟಿ ಡಾಲರಿನ ರಾಜಿಗೆ ಒಪ್ಪಿತು.

ಇಂದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಕಣ್ಣು ಸೆಳೆಯುವುದು 2005-06ರ ಆಸುಪಾಸಿನ ಇ, ಸಿ ಮತ್ತು ಎಂ-ಕ್ಲಾಸಿನ ವಿ6 ಪೆಟ್ರೋಲ್ ಕಾರುಗಳು. ಅವುಗಳ ಎಂ 272 ಎಂಜಿನ್ನಿನಲ್ಲಿ ಎಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಒಂದು ಗಿಯರಿಗೆ ಮೆದು ಲೋಹ ಬಳಸಿದ್ದರು. ಹಲ್ಲು ಸವೆದಂತೆ ವಾಲ್ವು ತೆರೆದು ಮುಚ್ಚುವ ಟೈಮಿಂಗ್ ಜಾರುತ್ತದೆ, ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಬದಲಿಸಬೇಕಾದದ್ದು ಆ ಗಿಯರಿರುವ ಶಾಫ್ಟು ಮಾತ್ರ, ಆದರೆ ಅದಕ್ಕಾಗಿ ಇಡೀ ಎಂಜಿನ್ ಇಳಿಸಬೇಕು. ದೀಪವನ್ನು ಸ್ಕ್ಯಾನರಿನಿಂದ ಆರಿಸಿ ಮಾರುವವರಿದ್ದಾರೆ, ಹಾಗಾಗಿ ದೀಪವನ್ನು ನಂಬಬೇಡಿ. ಆರ್‌ಸಿ ಪುಸ್ತಕದಲ್ಲಿ ಎಂಜಿನ್ ಸಂಖ್ಯೆ ನೋಡಿ, ಬ್ಲಾಕಿನ ಮೇಲಿನ ಸಂಖ್ಯೆಗೆ ತಾಳೆ ಹಾಕಿ. ಮೊದಲ ಮೂರು ಅಂಕಿ 272 ಇದ್ದು, ಕೊನೆಯ ಆರು ಅಂಕಿ 468993 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳಗಿರುವುದು ಆ ಹಳೆಯ ಗಿಯರು. ಬದಲಿಸಿದ ಬಿಲ್ಲು ತೋರಿಸಿದರೆ ಮಾತ್ರ ಬೆಲೆಯ ಮಾತಿಗೆ ಕೂರಿ.