ಬಾಗಿಲು ತಾಗಿತು, ಈಗ ನಿಲ್ಲೋದಾ, ಹೋಗೋದಾ?

ಮದುವೆ ಸೀಸನ್ ಬಂತೆಂದರೆ ಸೋಮವಾರ ಬೆಳಿಗ್ಗೆ ನಮ್ಮ ಗ್ಯಾರೇಜ್ ಮುಂದೆ ಒಂದು ಥರದ ಕಾರುಗಳು ಬಂದು ನಿಲ್ಲುತ್ತವೆ. ಎಂಜಿನ್ ಸರಿ ಇರುತ್ತದೆ, ಬ್ರೇಕ್ ಸರಿ ಇರುತ್ತದೆ. ಮಾಲೀಕರ ಮುಖ ಮಾತ್ರ ಗಂಟಾಗಿರುತ್ತದೆ. "ಛತ್ರದಲ್ಲಿ ನಿಲ್ಲಿಸಿದ್ದೆ ಸಾರ್. ಊಟ ಮಾಡಿ ಬರೋಷ್ಟರಲ್ಲಿ ಯಾರೋ ಬಾಗಿಲು ಹೊಡೆದು ಹೋಗಿದ್ದಾರೆ" ಅಂತ ಬೆರಳಿಟ್ಟು ತೋರಿಸುತ್ತಾರೆ. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಬೇಕು. ಎಂಟಾಣೆ ನಾಣ್ಯದಷ್ಟು ನೆಗ್ಗು.

ಬೆಂಗಳೂರಿನಲ್ಲಿ ಟಿಂಕರಿಂಗ್, ಪೇಂಟಿಂಗ್ ಕೆಲಸ ಮಾಡಿಕೊಂಡು ನನಗೆ 22 ವರ್ಷ ಆಯಿತು. ಮುಂದಿನ ಭಾಗ ಪೂರ್ತಿ ಜಜ್ಜಿ ಹೋದ ಕಾರು ತಂದವರು ಇಷ್ಟು ಸಿಟ್ಟಲ್ಲಿ ಬಂದಿದ್ದನ್ನು ನಾನು ನೋಡಿಲ್ಲ. ಅಲ್ಲಿ ಗುದ್ದಿದವನು ಎದುರಿಗೇ ನಿಂತಿರುತ್ತಾನೆ. ಬೈದಾಡಿದ್ದು, ಒಪ್ಪಿದ್ದು ಎಲ್ಲ ಅಲ್ಲೇ ಮುಗಿದಿರುತ್ತದೆ. ಇಲ್ಲಿ ತಾಗಿಸಿದವನು ನೋಡಿ, ಸುತ್ತ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹೊರಟಿರುತ್ತಾನೆ. ಜನ ನನ್ನ ಹತ್ತಿರ ಹೇಳಿಕೊಳ್ಳೋದು ನೆಗ್ಗಿನ ಬಗ್ಗೆ ಅಲ್ಲ, ಅವನು ಹಾಗೆ ಹೋದದ್ದರ ಬಗ್ಗೆ.

ಇಂಥ ಕೇಸು ಮೊದಲಿಗಿಂತ ಈಗ ಜಾಸ್ತಿ. ಕಾರಣ ಸುಲಭ, ಟೇಪ್ ಹಿಡಿದರೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಒಂದು ಕಾರಿನ ಜಾಗಕ್ಕೆ ಗೆರೆಯಿಂದ ಗೆರೆಗೆ ಎರಡೂವರೆ ಮೀಟರ್ ಬಿಡುತ್ತಾರೆ. ಹಳೇ ಮಾರುತಿ 800 ರ ಅಗಲ 1,440 ಮಿ.ಮೀ. ಅಂಥ ಎರಡು ಕಾರು ಸರಿಯಾಗಿ ನಡುವೆ ನಿಂತರೆ ಮಧ್ಯೆ 1,060 ಮಿ.ಮೀ ಜಾಗ ಉಳಿಯುತ್ತಿತ್ತು, ಅಂದರೆ ಹತ್ತಿರ ಹತ್ತಿರ ಮೂರೂವರೆ ಅಡಿ. ಈಗಿನ ಕ್ರೆಟಾ 1,790 ಮಿ.ಮೀ. ಸ್ಕಾರ್ಪಿಯೋ ಎನ್ 1,917. ಎರಡು ಸ್ಕಾರ್ಪಿಯೋ ಅಕ್ಕಪಕ್ಕ ನಿಂತರೆ ಮಧ್ಯೆ 583 ಮಿ.ಮೀ. ಎರಡು ಅಡಿಯೂ ಇಲ್ಲ. ಅದರಲ್ಲಿ ಬಾಗಿಲು ತೆಗೆದು, ಮಗುವನ್ನು ಎತ್ತಿಕೊಂಡು, ರೇಷ್ಮೆ ಸೀರೆ ಹಿಡಿದುಕೊಂಡು ಇಳಿಯಬೇಕು. ಬೇಸ್‌ಮೆಂಟ್ ಆದರೆ ಪಕ್ಕದಲ್ಲೊಂದು ಪಿಲ್ಲರ್ ಬೇರೆ.

ಇನ್ನೊಂದು ವಿಷಯ. ಹಳೇ ಕಾರುಗಳ ಬಾಗಿಲಿಗೆ ಉದ್ದಕ್ಕೂ ಒಂದು ಕಪ್ಪು ರಬ್ಬರ್ ಪಟ್ಟಿ ಇರುತ್ತಿತ್ತು, ನೆನಪಿದೆಯಾ? ಪಕ್ಕದವನ ಬಾಗಿಲು ಬಂದು ಅದಕ್ಕೆ ಬಡಿಯುತ್ತಿತ್ತು, ಅಷ್ಟೇ. ಈಗ ನೋಡೋಕೆ ಚೆನ್ನಾಗಿರಲ್ಲ ಅಂತ ತೆಗೆದುಬಿಟ್ಟಿದ್ದಾರೆ. ನಮಗೆ ವ್ಯಾಪಾರ ಬಂತು, ಬೇಡ ಅನ್ನಲ್ಲ.

ಬಾಗಿಲ ಹೊರಗಿನ ತಗಡಿನ ದಪ್ಪ ಸುಮಾರು 0.7 ಮಿ.ಮೀ. ಅದರ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಬಾಗಿಲಿನ ಅಂಚು ಬಡಿದಾಗ ತಗಡು ಒಳಕ್ಕೆ ಹೋಗುತ್ತದೆ, ಆದರೆ ಪೇಂಟ್ ತುಸು ಬಗ್ಗುತ್ತದೆ, ಬಹಳ ಸಲ ಒಡೆಯುವುದಿಲ್ಲ. ಕೆಲಸ ಎಷ್ಟು, ದುಡ್ಡು ಎಷ್ಟು ಅನ್ನುವುದು ಇದರ ಮೇಲೆ ನಿಂತಿದೆ. ಪೇಂಟ್ ಒಡೆದಿಲ್ಲ ಅಂದರೆ ಪುಟ್ಟಿ ಬೇಡ, ಬಣ್ಣ ಬೇಡ. ಬಾಗಿಲಿನ ಗಾಜಿನ ಸಂದಿಯಿಂದ ಬಗ್ಗಿಸಿದ ಉದ್ದನೆ ಸರಳು ಇಳಿಬಿಟ್ಟು, ನೆಗ್ಗಿನ ಹಿಂದಿನಿಂದ ಸೂಜಿಮೊನೆಯಷ್ಟು ಜಾಗವನ್ನು ತಳ್ಳುತ್ತಾ ಬರಬೇಕು. ಎದುರಿಗೆ ಪಟ್ಟೆ ಪಟ್ಟೆಯ ಲೈಟ್ ಇಟ್ಟಿರುತ್ತೇವೆ. ನೆಗ್ಗು ಇರುವ ಕಡೆ ಆ ಪಟ್ಟೆಗಳ ಬಿಂಬ ಸೊಟ್ಟ ಕಾಣುತ್ತದೆ. ಪಟ್ಟೆ ನೆಟ್ಟಗಾಗುವವರೆಗೂ ತಳ್ಳುವುದು, ನೋಡುವುದು, ಮತ್ತೆ ತಳ್ಳುವುದು. ನಮ್ಮ ಹುಡುಗ ಒಬ್ಬನಿದ್ದಾನೆ, ಈ ಕೆಲಸ ಮಾಡುವಾಗ ಮಾತಾಡಿಸಿದರೆ ಉತ್ತರವೇ ಕೊಡಲ್ಲ. ಒಂದು ನೆಗ್ಗಿಗೆ ನಮ್ಮಲ್ಲಿ ಸಾವಿರದಿಂದ ಎರಡು ಸಾವಿರ. ಬಾಗಿಲಿನ ಮಡಿಕೆ ಗೆರೆಯ ಮೇಲೆ ಬಿದ್ದಿದ್ದರೆ ಅಥವಾ ಒಳಗಿನ ಅಡ್ಡ ಕಬ್ಬಿಣದ ಹಿಂದೆ ಸಿಕ್ಕಿದ್ದರೆ ಸರಳು ಹೋಗುವುದಿಲ್ಲ, ಅಂಟು ಹಾಕಿ ಹೊರಗಿನಿಂದ ಎಳೆಯಬೇಕು, ದುಡ್ಡೂ ಸ್ವಲ್ಪ ಜಾಸ್ತಿ. ಪೇಂಟ್ ಒಡೆದು ತಗಡು ಕಂಡರೆ ಮಾತ್ರ ಇಡೀ ಬಾಗಿಲಿಗೆ ಬಣ್ಣ ಹೊಡೆಯಬೇಕು. ಅದು ನಾಲ್ಕೈದು ಸಾವಿರದ ಕೆಲಸ, ಮುತ್ತಿನ ಬಿಳಿ ಬಣ್ಣವಾದರೆ ಪಕ್ಕದ ಪ್ಯಾನೆಲ್‌ಗೂ ಸ್ವಲ್ಪ ಹಬ್ಬಿಸದೆ ಹೊಂದುವುದೇ ಇಲ್ಲ.

ಇಷ್ಟು ವಿವರವಾಗಿ ಹೇಳಿದ್ದು ಯಾಕೆಂದರೆ, ತಾಗಿಸಿದವರು ಓಡಿಹೋಗುವುದು ಬಹಳ ಸಲ ಖರ್ಚಿನ ಭಯಕ್ಕೆ. ಇಪ್ಪತ್ತು ಸಾವಿರ ಕೇಳಿಬಿಟ್ಟರೆ ಏನು ಗತಿ ಅಂತ. ಅಷ್ಟಾಗಲ್ಲ.

ಜವಾಬ್ದಾರಿ ಯಾರದು ಅಂತ ಕೇಳುತ್ತಾರೆ. ಬಾಗಿಲು ತೆಗೆದವರದು. "ಅವನೇ ಗೆರೆ ಮೇಲೆ ನಿಲ್ಲಿಸಿದ್ದ" ಅನ್ನುವ ಮಾತನ್ನು ವಾರಕ್ಕೆ ಎರಡು ಸಲ ಕೇಳುತ್ತೇನೆ. ಅವನು ಗೆರೆ ಮೇಲೆ ನಿಲ್ಲಿಸಿದ್ದು ತಪ್ಪೇ, ಬೈಯಿರಿ. ಆದರೆ ನಿಂತ ಕಾರು ಬಂದು ನಿಮ್ಮ ಬಾಗಿಲಿಗೆ ಹೊಡೆಯಲಿಲ್ಲ ಅಲ್ವಾ? ಜಾಗ ಕಮ್ಮಿ ಅಂತ ನಿಮಗೆ ಇಳಿಯುವ ಮೊದಲೇ ಕಾಣುತ್ತಿತ್ತು. ಪಕ್ಕದಲ್ಲಿ ಕೂತವರನ್ನು ಮೊದಲೇ ಇಳಿಸಿ ಆಮೇಲೆ ಕಾರನ್ನು ಒಳಗೆ ನುಗ್ಗಿಸಬಹುದಿತ್ತು. ಮಗು ಬಾಗಿಲು ಒದ್ದರೆ ಮಗುವಿನದು ಅಂತ ಬಿಡೋಕಾಗಲ್ಲ, ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇದೆ, ಒಂದು ಸಣ್ಣ ಗುಂಡಿ ಎಳೆದರೆ ಒಳಗಿನಿಂದ ತೆಗೆಯೋಕೆ ಬರಲ್ಲ. ಅಜ್ಜಿ ತಾತಂದಿರದು ಇನ್ನೊಂದು ಕಥೆ. ಮಂಡಿ ನೋವು, ಎದ್ದೇಳಲು ಬಾಗಿಲನ್ನೇ ಊರಿಕೊಳ್ಳುತ್ತಾರೆ, ಬಾಗಿಲು ಪೂರ್ತಿ ಹೋಗುತ್ತದೆ. ಅವರನ್ನು ಛತ್ರದ ಬಾಗಿಲ ಮುಂದೆ ಇಳಿಸಿ ಬಿಟ್ಟು ಬನ್ನಿ, ಅಷ್ಟೇ ಉಪಾಯ.

ಗಾಳಿಯನ್ನೂ ಮರೆಯಬೇಡಿ. ಕಾರಿನ ಬಾಗಿಲಿನ ಕೀಲು ಮುಂದಿನ ಕಡೆ ಇರುತ್ತದೆ. ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಸ್ವಲ್ಪ ತೆಗೆದ ಬಾಗಿಲನ್ನು ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಚಿತ್ರದುರ್ಗದ ಕಡೆ ಗಾಳಿ ಗಿರಣಿ ತಿರುಗುವ ಗುಡ್ಡಗಳ ಹತ್ತಿರ ನಿಲ್ಲಿಸಿದವರಿಗೆ ಇದು ಗೊತ್ತಿರುತ್ತದೆ. ಮಡಿಕೇರಿಯಂಥ ಇಳಿಜಾರಿನ ಊರಿನಲ್ಲಿ ಗಾಳಿಯೇ ಬೇಡ, ಮೂತಿ ಕೆಳಗಾಗಿ ನಿಂತ ಕಾರಿನ ಬಾಗಿಲು ತನ್ನ ಭಾರಕ್ಕೇ ತೆರೆದುಕೊಳ್ಳುತ್ತದೆ. ಬಾಗಿಲನ್ನು ಎರಡು ಹಂತದಲ್ಲಿ ತಡೆದು ನಿಲ್ಲಿಸುವ ಡೋರ್ ಚೆಕ್ ಪಟ್ಟಿ ಸವೆದಿದ್ದರೆ ಇನ್ನೂ ಕಷ್ಟ. ಸರ್ವಿಸ್‌ಗೆ ಬಿಟ್ಟಾಗ ಒಂದು ಸಲ ಅದನ್ನು ನೋಡಿ ಅಂತ ಹೇಳಿ.

ಸರಿ, ಇಷ್ಟೆಲ್ಲ ಆಗಿಯೂ ತಾಗಿತು ಅನ್ನಿ. ನಿಮ್ಮ ಕಾರು ಅಲ್ಲಾಡಿಸುವ ಮೊದಲು ಎರಡು ಫೋಟೋ ತೆಗೆದುಕೊಳ್ಳಿ, ಒಂದು ದೂರದಿಂದ, ಒಂದು ಹತ್ತಿರದಿಂದ. ಸೆಕ್ಯುರಿಟಿಯವರಿಗೆ ಹೇಳಿ, ಅಪಾರ್ಟ್‌ಮೆಂಟ್ ಆದರೆ ಗಾಜಿನ ಸ್ಟಿಕ್ಕರ್ ಮೇಲೆ ಮನೆ ನಂಬರ್ ಇರುತ್ತದೆ. ಕಾರಿನ ನಂಬರ್ ಹಾಕಿ ಆ್ಯಪ್‌ನಲ್ಲಿ ಹುಡುಕಿದರೆ ಮಾಲೀಕರ ಫೋನ್ ಸಿಗಲ್ಲ, ಸುಮ್ನೆ ಹೊತ್ತು ಕಳೆಯಬೇಡಿ. ಹತ್ತು ಹದಿನೈದು ನಿಮಿಷ ಕಾದು, ಯಾರೂ ಬರದಿದ್ದರೆ ಚೀಟಿ ಬರೆದು ವೈಪರ್ ಕೆಳಗೆ ಸಿಕ್ಕಿಸಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಒಳಗೆ ಹಾಕಿ. ಅರ್ಧ ದಿನ ನೆನೆದು ಶಾಯಿ ಕರಗಿದ ಚೀಟಿಯೊಂದನ್ನು ಗಿರಾಕಿಯೊಬ್ಬರು ತಂದು ತೋರಿಸಿದ್ದರು. ನಂಬರಿನ ಕೊನೆಯ ನಾಲ್ಕು ಅಂಕಿ ಹೋಗಿಬಿಟ್ಟಿತ್ತು.

ಚೀಟಿಯಲ್ಲಿ ಉದ್ದ ಬರೆಯಬೇಡಿ. "ಬಾಗಿಲು ತೆಗೆಯುವಾಗ ನಿಮ್ಮ ಕಾರಿನ ಎಡಗಡೆ ಹಿಂದಿನ ಬಾಗಿಲಿಗೆ ತಾಗಿತು. ತಪ್ಪು ನನ್ನದೇ. ದಯವಿಟ್ಟು ಫೋನ್ ಮಾಡಿ" ಅಂತ ಬರೆದು ಹೆಸರು, ನಂಬರ್ ಹಾಕಿದರೆ ಮುಗಿಯಿತು. ಹೀಗೆ ಚೀಟಿ ಇಡಿ ಅಂತ ನಮ್ಮಲ್ಲಿ ಯಾವ ಸೆಕ್ಷನ್ನೂ ಹೇಳಲ್ಲ.

ಜರ್ಮನಿಯಲ್ಲಿರುವ ನಮ್ಮವರಿಗೆ ಮಾತ್ರ ಒಂದು ಎಚ್ಚರಿಕೆ. ಅಲ್ಲಿ ಬರೀ ಚೀಟಿ ಇಟ್ಟು ಹೋದರೆ ಸಾಲದು. ತಾಗಿಸಿದವರು ಸಾಕಷ್ಟು ಹೊತ್ತು ಅಲ್ಲೇ ಕಾಯಬೇಕು, ಮಾಲೀಕರು ಬರದಿದ್ದರೆ ಪೊಲೀಸರಿಗೆ ತಿಳಿಸಬೇಕು. ಹಾಗೇ ಹೊರಟರೆ ಅಲ್ಲಿನ ದಂಡ ಸಂಹಿತೆಯ 142ನೇ ಕಲಂ ಪ್ರಕಾರ ಅಪರಾಧ. ಮ್ಯೂನಿಕ್‌ನಲ್ಲಿ ಕೆಲಸ ಮಾಡಿ ಬಂದ ಗಿರಾಕಿಯೊಬ್ಬರು ಇದನ್ನು ಹೇಳಿದಾಗ ನಮ್ಮ ಹುಡುಗರು ನಕ್ಕರು. ನಾನು ನಗಲಿಲ್ಲ.

ಇನ್ನು ಪೆಟ್ಟು ತಿಂದವರ ಕಡೆಗೆ ಬರೋಣ. ಅವರೂ ಯಾವಾಗಲೂ ಸರಿ ಇರಲ್ಲ.

ಒಂದೇ ಅಪಾರ್ಟ್‌ಮೆಂಟಿನ ಇಬ್ಬರು ಒಂದು ಸಲ ಎರಡೂ ಕಾರು ತಂದು ನಮ್ಮಲ್ಲಿ ನಿಲ್ಲಿಸಿದರು. "ನೀವೇ ಹೇಳಿ, ಇವರ ಬಾಗಿಲೇ ತಾನೇ ಇದು?" ಅಂತ ಒಬ್ಬರು. "ಐದು ವರ್ಷದಿಂದ ಪಕ್ಕದಲ್ಲಿ ನಿಲ್ಲಿಸ್ತೀನಿ, ಇವತ್ತು ನಾನು ಕಳ್ಳ ಆದ್ನಾ?" ಅಂತ ಇನ್ನೊಬ್ಬರು. ನಾನು ಟೇಪ್ ತಂದೆ. ನೆಗ್ಗು ನೆಲದಿಂದ 74 ಸೆಂ.ಮೀ ಎತ್ತರದಲ್ಲಿತ್ತು. ಪಕ್ಕದ ಕಾರಿನ ಬಾಗಿಲಿನ ಅತೀ ಹೊರಗೆ ಚಾಚುವ ಜಾಗ 61 ರಲ್ಲಿತ್ತು. ಅದಕ್ಕಿಂತ ಮುಖ್ಯ, ಬಾಗಿಲಿನ ಅಂಚು ಬಡಿದರೆ ನೆಟ್ಟಗೆ ನಿಂತ ಸಣ್ಣ ಗೆರೆಯ ಥರ ನೆಗ್ಗುತ್ತದೆ. ಬಹಳ ಸಲ ಆ ಕಾರಿನ ಬಣ್ಣವೂ ಸ್ವಲ್ಪ ಅಂಟಿರುತ್ತದೆ. ಇದು ದುಂಡಗಿತ್ತು, ಸುತ್ತ ಕಪ್ಪು ರಬ್ಬರಿನ ಗುರುತು. ಬಟ್ಟೆಗೆ ತಿನ್ನರ್ ಹಾಕಿ ಒರೆಸಿದೆ, ಕಪ್ಪು ಬಂತು. ಮಕ್ಕಳ ಸೈಕಲ್ ಹ್ಯಾಂಡಲ್. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾರ ಮನೆ ಸೈಕಲ್ ಅಂತ ನಾನೂ ಕೇಳಲಿಲ್ಲ.

ಹೊಸದಾ ಹಳೆಯದಾ ಅನ್ನುವುದನ್ನೂ ನೋಡಬಹುದು. ಗೀರಿನ ಒಳಗೆ ಬಿಳಿ ಪಾಲಿಶ್ ಒಣಗಿ ಕೂತಿದ್ದರೆ ಅದು ಕಳೆದ ಸಲ ಪಾಲಿಶ್ ಮಾಡಿಸುವ ಮೊದಲೇ ಇತ್ತು ಅಂತ ಅರ್ಥ. ತಗಡು ಕಂಡು ಕಂದು ತುಕ್ಕು ಹಿಡಿದಿದ್ದರೆ ಅದು ನಿನ್ನೆಯದಲ್ಲ. ಇದನ್ನೆಲ್ಲ ಹೇಳಲು ಕಾರಣ ಇದೆ. "ಹೆಂಗೂ ಅವರೇ ಕೊಡ್ತಾರೆ, ಆ ಕಡೆ ಗೀರನ್ನೂ ಸೇರಿಸಿ ಬಿಲ್ ಮಾಡಿ" ಅಂತ ಕಣ್ಣು ಮಿಟುಕಿಸುವವರು ಇದ್ದಾರೆ. ನಾವು ಮಾಡಲ್ಲ. ತಪ್ಪೊಪ್ಪಿಕೊಂಡು ಚೀಟಿ ಇಟ್ಟವರಿಗೆ ಹೀಗೆ ಮಾಡಿದರೆ ಇನ್ನೊಂದು ಸಲ ಅವರು ಚೀಟಿ ಇಡ್ತಾರಾ?

ಮಾಲ್‌ನಲ್ಲಿ ಆಗಿದ್ದರೆ ಬೇಗ ಸಿಸಿಟಿವಿ ಕೇಳಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂತುಬಿಡುತ್ತದೆ. ಬಂದ ಸಮಯ, ಹೋದ ಸಮಯ ಪಾರ್ಕಿಂಗ್ ಚೀಟಿ ಸಮೇತ ಹೇಳಿದರೆ ಅವರಿಗೂ ಹುಡುಕೋದು ಸುಲಭ. "ವಾಹನದ ಜವಾಬ್ದಾರಿ ಮಾಲೀಕರದೇ" ಅನ್ನುವ ಬೋರ್ಡ್ ಎಲ್ಲ ಕಡೆ ನಡೆಯಲ್ಲ. 1998 ರಲ್ಲಿ ದೆಹಲಿಯ ಹೋಟೆಲೊಂದರಲ್ಲಿ ವ್ಯಾಲೆಗೆ, ಅಂದರೆ ಕಾರು ನಿಲ್ಲಿಸಿ ಕೊಡುವ ಹೋಟೆಲಿನವನಿಗೆ, ಕೀ ಕೊಟ್ಟ ಮಾರುತಿ ಜೆನ್ ಕಳುವಾದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2019 ರಲ್ಲಿ ಹೋಟೆಲನ್ನೇ ಹೊಣೆ ಮಾಡಿತು. ಆದರೆ ಅದು ಕೀ ಕೈಗೆ ಕೊಟ್ಟಿದ್ದ ಕೇಸು. ನೀವೇ ನಿಲ್ಲಿಸಿ, ಪಕ್ಕದವನ ಬಾಗಿಲು ಬಡಿದರೆ ಮಾಲ್‌ನವರನ್ನು ಹಿಡಿದು ಪ್ರಯೋಜನ ಕಮ್ಮಿ.

ಇನ್ಶೂರೆನ್ಸ್ ಕ್ಲೇಮ್ ಮಾಡೋಣವಾ ಅಂತ ಬಹಳ ಜನ ಕೇಳುತ್ತಾರೆ. ಒಂದು ಬಾಗಿಲಿಗೆ ಬಣ್ಣ ಹೊಡೆದ ಬಿಲ್ 4,500 ಅಂದುಕೊಳ್ಳಿ. 1500 ಸಿಸಿ ವರೆಗಿನ ಕಾರಾದರೆ ಮೊದಲ 1,000 ನೀವೇ ಹಾಕಬೇಕು, ಅದಕ್ಕಿಂತ ದೊಡ್ಡದಾದರೆ 2,000. ಜೀರೋ ಡೆಪ್, ಅಂದರೆ ಸವಕಳಿ ಅಂತ ಕಡಿಯದ ಆ್ಯಡ್ ಆನ್, ಇಲ್ಲದ ಪಾಲಿಸಿಯಲ್ಲಿ ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಸಾಮಗ್ರಿ ಅಂತ ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ, ಅಲ್ಲಿಗೆ ಇನ್ನೊಂದು 560 ಹೋಯಿತು. ಕೈಗೆ ಸಿಗೋದು 2,900 ಚಿಲ್ಲರೆ. ಈಗ ಆ ಕಡೆ ನೋಡಿ. ಐದು ವರ್ಷ ಕ್ಲೇಮ್ ಮಾಡದೆ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಸಂಪಾದಿಸಿರುತ್ತೀರಿ. ಸ್ವಂತ ಹಾನಿಯ ಪ್ರೀಮಿಯಂ 10,000 ಇದ್ದರೆ ನೀವು ಕಟ್ಟುತ್ತಿರೋದು 5,000. ಕ್ಲೇಮ್ ಮಾಡಿದ ಮುಂದಿನ ವರ್ಷ ಬೋನಸ್ ಸೊನ್ನೆ, ಪೂರ್ತಿ ಹತ್ತು ಸಾವಿರ. ಅದರ ಮುಂದಿನ ವರ್ಷ 20 ಪರ್ಸೆಂಟ್, ಅಂದರೆ ಎಂಟು ಸಾವಿರ. ಬೋನಸ್ ಉಳಿಸುವ ಆ್ಯಡ್ ಆನ್ ತಗೊಂಡಿದ್ದರೆ ಬೇರೆ ಮಾತು. ಇಲ್ಲವಾದರೆ ಒಂದು ನೆಗ್ಗಿಗೆ ಕ್ಲೇಮ್ ಬೇಡ ಅಂತಲೇ ನಾನು ಹೇಳೋದು, ಕ್ಲೇಮ್ ಬಂದರೆ ನನಗೆ ಲಾಭ ಜಾಸ್ತಿ ಇದ್ದರೂ.

ತಾಗಿಸಿದವನ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲಿ ಬೇರೆಯವರ ಆಸ್ತಿ ಹಾನಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷದ ತನಕ ಕವರ್ ಇರುತ್ತದೆ. ಆದರೆ ಎರಡು ಸಾವಿರದ ಕೆಲಸಕ್ಕೆ ಪೊಲೀಸ್, ಟ್ರಿಬ್ಯೂನಲ್ ಅಂತ ಅಲೆಯುವವರನ್ನು ನಾನು ಕಂಡಿಲ್ಲ. ಇಬ್ಬರೂ ಸೇರಿ ಗ್ಯಾರೇಜಿಗೆ ಬರುವುದು ಅಥವಾ ಫೋನಿನಲ್ಲೇ ರೇಟ್ ಕೇಳಿ, ತಾಗಿಸಿದವರು ದುಡ್ಡನ್ನು ನೇರ ಗ್ಯಾರೇಜಿಗೇ ಕಳಿಸುವುದು ಒಳ್ಳೆಯದು. ನಿಂತಲ್ಲೇ ಕ್ಯಾಶ್ ಎಣಿಸಿದರೆ ನಾಳೆ "ಸಾಲಲಿಲ್ಲ" ಅನ್ನುವ ಫೋನ್ ಬರುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಿಟ್ಟಿಗೆ ಕೀ ತಗೊಂಡು ಅವನ ಕಾರಿಗೆ ಗೀರಿ ಬರುವವರಿದ್ದಾರೆ. ಬಾಗಿಲು ತಾಗಿದ್ದು ಅಕಸ್ಮಾತ್. ಬೇಕಂತ ಗೀರಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್‌ಗೆ ಬರುವ ಅಪರಾಧ. ಪೂರ್ತಿ ನ್ಯಾಯ ನಿಮ್ಮ ಕಡೆ ಇದ್ದದ್ದು ಒಂದೇ ನಿಮಿಷದಲ್ಲಿ ಆ ಕಡೆ ಹೋಗುತ್ತದೆ.

ಹೋದ ವರ್ಷ ನಾನೇ ತಾಗಿಸಿದೆ. ಆಸ್ಪತ್ರೆಯ ಬೇಸ್‌ಮೆಂಟ್, ಅಮ್ಮನನ್ನು ಇಳಿಸುವ ಅವಸರ, ಹಿಂದಿನ ಬಾಗಿಲು ಕೈ ಜಾರಿ ಪಕ್ಕದ ನೀಲಿ ಕಾರಿಗೆ ಠಕ್ ಅಂತು. ಫೋನಿನ ಟಾರ್ಚ್ ಹಾಕಿದೆ, ನೆಗ್ಗು ಕಂಡಿತು. ಚೀಟಿ ಬರೆದಿಟ್ಟು ಮೇಲೆ ಹೋದೆ. ಮೂರು ದಿನ ಫೋನ್ ಬರಲಿಲ್ಲ. ನಾಲ್ಕನೇ ದಿನ ಬಂತು. "ಆ ನೆಗ್ಗು ಹಳೇದು ಸಾರ್, ನಮ್ಮ ಯಜಮಾನರು ಗೇಟಿಗೆ ತಾಗಿಸಿದ್ದು. ನಿಮ್ಮದು ಅದರ ಕೆಳಗೆ ಒಂದು ಸಣ್ಣ ಗೀರು ಅಷ್ಟೇ" ಅಂದರು ಆ ಹೆಂಗಸು. 22 ವರ್ಷದಿಂದ ಇದೇ ನೋಡುವ ನನಗೆ ಆ ಕತ್ತಲಲ್ಲಿ ಅದು ಗೊತ್ತಾಗಿರಲಿಲ್ಲ. ಶನಿವಾರ ಕಾರು ತಂದರು. ಗೀರು ಪಾಲಿಶ್‌ನಲ್ಲೇ ಹೋಯಿತು. ನೆಗ್ಗನ್ನೂ ತೆಗೆದುಬಿಡಲಾ ಅಂತ ಕೇಳಿದೆ. "ಬೇಡ, ಅದು ಇರಲಿ. ಅವರು ನನ್ನ ಡ್ರೈವಿಂಗ್ ಬಗ್ಗೆ ಮಾತಾಡಿದಾಗೆಲ್ಲ ತೋರಿಸೋಕೆ ಬೇಕು" ಅಂದು ಹೊರಟರು.